ಮಂಜುಭಾಷಿಣಿಯ ಯಜಮಾನರು

ಪಂಢರೀನಾಥ ಮಾಸ್ತರರ ಮದುವೆಯಲ್ಲಿ ಹೆಣ್ಣಿನ ಕಡೆಯವರಿಂದ ಒಂದೇ ಒಂದು ತಪ್ಪಾಗಿತ್ತು. ಮಗಳಿಗೆ ಬನಶಂಕರಿ ಎಂದು ಹೆಸರಿಟ್ಟಿದ್ದರು. ಮದುವೆಯ ಹೊತ್ತಿಗೆ ಆ ತಪ್ಪಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಮಾಸ್ತರರಿಗೆ ಅದನ್ನು ಕ್ಷಮಿಸುವುದು ಆಗಲಿಲ್ಲ.

ಹೆಸರಿನಲ್ಲಿ ದೋಷವಿಲ್ಲವೆಂದು ಅವರೇ ಒಪ್ಪುತ್ತಿದ್ದರು. ಬನದಲ್ಲಿ ನೆಲೆಸಿದ ಶಂಕರಿ ಬನಶಂಕರಿ. ಅರ್ಥ ಶುದ್ಧ, ಮೂಲ ಪವಿತ್ರ. ತೊಂದರೆಯೆಲ್ಲ ಬಳಕೆಯದು. ಬಾದಾಮಿಯ ಆಸುಪಾಸಿನಲ್ಲಿ ಕೂಸಿಲ್ಲದವರು ಆ ದೇವಿಗೇ ಬೇಡಿಕೊಳ್ಳುವುದು, ಹೆಣ್ಣು ಹುಟ್ಟಿತೆಂದರೆ ಅವಳ ಹೆಸರನ್ನೇ ಇಡುವುದು. ನೇಕಾರರಲ್ಲಿ ಬನ್ನವ್ವ, ಕುರಿಯವರಲ್ಲಿ ಬನಶಂಕ್ರವ್ವ, ಮಾಸ್ತರರ ಮಾವನ ಮನೆಯಲ್ಲಿ ಬನಕ್ಕ. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವವನ ಹೆಂಡತಿಗೆ ಇಷ್ಟು ಮಂದಿ ಬಳಸಿಬಿಟ್ಟ ಹೆಸರೇ? (ಅವರದೇ ಓಣಿಯಲ್ಲಿ ಪಂಢರೀನಾಥ ಎನ್ನುವವರು ಇನ್ನೂ ಇಬ್ಬರಿದ್ದರು. ಆ ಮಾತು ಬೇರೆ.)

ಮಾಸ್ತರರ ಜನರಲ್ಲಿ ಮದುವೆಯ ದಿನ ಗಂಡು ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವ ಪದ್ಧತಿ. ಉಳಿದವರು ರಮಾ, ಉಷಾ ಎಂದು ಎರಡಕ್ಷರದಲ್ಲಿ ಮುಗಿಸಿ ಊಟಕ್ಕೆ ಏಳುತ್ತಾರೆ. ಮಾಸ್ತರರು ನಿಘಂಟು ಜಾಲಾಡಿ ತಂದ ಹೆಸರಿಗೆ ತಟ್ಟೆ ಸಾಲದೆ ಅಡಿಗೆಮನೆಯಿಂದ ಪರಾತ ತರಿಸಬೇಕಾಯಿತು. ಮಂಜುಭಾಷಿಣಿ! ಮಂಜು ಎಂದರೆ ಇಂಪು, ಭಾಷಿಣಿ ಎಂದರೆ ಮಾತಾಡುವವಳು. ಪುರೋಹಿತರಿಂದ ಹಿಡಿದು ನೀರು ಹಾಕುವವನವರೆಗೆ ಎಲ್ಲರಿಗೂ ಅವರೇ ಬಿಡಿಸಿ ಹೇಳಿದರು. ಮದುಮಗಳು ಏನೂ ಮಾತಾಡಲಿಲ್ಲ.

ಅಂದಿನಿಂದ ಮನೆಯಲ್ಲಿ ಹಳೆಯ ಹೆಸರು ನಿಷಿದ್ಧ. ತಾಯಿ ಭಾಗೀರಥೀಬಾಯಿ ಎರಡು ದಿನ ನಾಲಗೆ ಹೊರಳಿಸಲು ನೋಡಿ, "ಅಕೀನ್ನ ಕರದು ಮುಗಸೂದ್ರಾಗ ಹಾಲು ಉಕ್ಕಿ ಹೋಗ್ತದೋ ಪಂಢರಿ. ನಾ 'ಏ ಹುಡುಗಿ' ಅಂತೇನಿ" ಎಂದು ಕೈಬಿಟ್ಟರು. ಹೆಂಡತಿ ಮಾತ್ರ ಕರೆದರೆ ಬರುತ್ತಿದ್ದಳು. ತುಸು ತಡವಾಗಿ, ಬೇರೆ ಯಾರನ್ನೋ ಕರೆದಿರಬಹುದೆಂದು ಹಿಂದೆ ನೋಡಿಕೊಂಡು.

ಮದುವೆಯಾದ ವರ್ಷವೇ, ಎಂದರೆ ಎಪ್ಪತ್ತೆಂಟರಲ್ಲಿ, ದಂಪತಿಗಳು ದೇವಿಯ ದರ್ಶನ ಮುಗಿಸಿ ಬಾದಾಮಿಯ ಬಸ್ ಸ್ಟ್ಯಾಂಡಿಗೆ ಬಂದರು. ಹೆಂಡತಿಯನ್ನು ಬೆಂಚಿನ ಮೇಲೆ ಕೂಡಿಸಿ ಮಾಸ್ತರರು ಚಹಾಕ್ಕೆ ಹೋದರು. ಅಲ್ಲಿ ಕೆರೂರಿನ ಪ್ರಾಣೇಶರಾಯರು ಸಿಕ್ಕು, ನಿಮ್ಮ ಮನೆಯವರ ಹೆಸರೇನೆಂದು ಕೇಳಿಬಿಟ್ಟರು. (ಪಾಪ, ರಾಯರಿಗೆ ಗೊತ್ತಿರಲಿಲ್ಲ.) ಧಾತು ಮುಗಿದು ಪ್ರತ್ಯಯಕ್ಕೆ ಬರುವಷ್ಟರಲ್ಲಿ ಬಾಗಲಕೋಟೆಯ ಬಸ್ಸು ಬಂದು ನಿಂತಿತ್ತು.

ಬಸ್ಸು ಬಂತು, ಗಂಡ ಬರಲಿಲ್ಲ. ಹೆಂಡತಿ ಕಂಟ್ರೋಲರ್ ಇಬ್ರಾಹಿಂಸಾಬರ ಬಳಿ ಹೋಗಿ, ಮೈಕಿನಲ್ಲಿ ಕೂಗಬೇಕೆಂದು ಕೇಳಿಕೊಂಡಳು. ಸಾಬರು ಯಜಮಾನರ ಹೆಸರು ಕೇಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಅವಳ ಮನೆತನದಲ್ಲಿರಲಿಲ್ಲ. ಹಾಗಿದ್ದರೆ ನಿಮ್ಮದನ್ನಾದರೂ ಹೇಳಿ ಎಂದರು. ಅವಳು ತುಸು ಯೋಚಿಸಿ, ಹುಟ್ಟಿದಾಗಿನಿಂದ ಬಳಸಿದ್ದನ್ನು ಹೇಳಿದಳು.

"ಬನಶಂಕರಿ ಅನ್ನೋರ ಯಜಮಾನ್ರು ಎಲ್ಲೇ ಇದ್ರೂ ಕಂಟ್ರೋಲರ್ ಆಫೀಸಿಗೆ ಬರಬೇಕು."

ಮಾಸ್ತರರು ಚಹಾದ ಬಶಿ ಕೆಳಗಿಟ್ಟು ನಕ್ಕರು. "ಕೇಳಿದ್ರೇನ್ರಿ ರಾಯರ? ಯಾವ ಬನಶಂಕರಿ, ಯಾರ ಗಂಡ? ಇದಕ್ಕೇ ನೋಡ್ರಿ ನಾ ಹೆಸರು ಬದಲಿ ಮಾಡಿದ್ದು."

ಅವರ ಮಾತು ಸುಳ್ಳಾಗಲಿಲ್ಲ. ಗುಳೇದಗುಡ್ಡದ ನೇಕಾರನೊಬ್ಬ ಖಣದ ಗಂಟು ಹೊತ್ತುಕೊಂಡೇ ಓಡಿದ. ಬೀರಲಿಂಗಪ್ಪನೆಂಬ ಕುರಿಗಾರ ಕಂಬಳಿ ಹೆಗಲಿಗೆಸೆದುಕೊಂಡು ಓಡಿದ. ಕೈಯಲ್ಲಿ ಅರ್ಧ ಭಜಿ ಹಿಡಿದ ಪೋಸ್ಟಮನ್ ಒಬ್ಬನೂ ಓಡಿದ. ಒಬ್ಬೊಬ್ಬರೂ ಆಫೀಸಿನೊಳಗೆ ಇಣುಕಿ, ಈಕೆ ನಮ್ಮಾಕೆ ಅಲ್ಲವೆಂದು ಹೇಳಿ, ಯಾಕೋ ಸಮಾಧಾನದಿಂದಲೇ ಹೊರಬಿದ್ದರು.

ಮೈಕು ಮತ್ತೆ ಕೆಮ್ಮಿತು. "ಬನಶಂಕರಿ ಅನ್ನೋರ ಯಜಮಾನ್ರು. ಕರೀ ಕೋಟು, ಮ್ಯಾಲಿನ ಗುಂಡಿ ಇಲ್ಲ. ಎಲ್ಲ್ಯರ ಮಾತಾಡ್ಕೋತ ನಿಂತಿರತಾರಂತ."

ರಾಯರು ಮಾಸ್ತರರ ಕೋಟನ್ನು ನೋಡಿದರು. ಮಾಸ್ತರರೂ ನೋಡಿಕೊಂಡರು. ಉಪನ್ಯಾಸ ಅಲ್ಲಿಗೇ ನಿಂತಿತು.

ಆಫೀಸಿನ ಬಾಗಿಲಿಗೆ ಬಂದಾಗ ಡ್ರೈವರ್ ಹಾರ್ನು ಬಾರಿಸುತ್ತಿದ್ದ. ಇವಳು ನನ್ನ ಹೆಂಡತಿ ಎಂದು ಮಾಸ್ತರರು ಗಂಭೀರವಾಗಿ ಸಾರಿದರು.

"ಮೂರು ಮಂದಿ ಬಂದು ಹೋಗ್ಯಾರ್ರಿ," ಎಂದರು ಇಬ್ರಾಹಿಂಸಾಬರು, ಮೈಕು ಹಿಡಿದುಕೊಂಡೇ. "ಹೆಣ್ಣಮಕ್ಕಳ ವಿಷಯ. ಹೆಸರು ಹೇಳಿ ಕರಕೊಂಡು ಹೋಗ್ರಿ."

"ಮಂಜುಭಾಷಿಣಿ."

"ಆ ಹೆಸರಿನವರು ಯಾರೂ ಬಂದಿಲ್ರಿ ಇಲ್ಲಿ."

ಮಾಸ್ತರರು ಹೆಂಡತಿಯತ್ತ ತಿರುಗಿ, ನೀನಾದರೂ ಬಾಯಿ ಬಿಡು ಎಂದರು. ಅವಳು ಸೆರಗು ಸರಿಪಡಿಸಿಕೊಂಡಳು.

"ನಾ ನಿಮ್ಮ ಹೆಸರು ಹೇಳೂಹಂಗಿಲ್ಲಲ್ರಿ. ನನ್ನದು ನೀವೇ ಹೇಳಬೇಕು."

ಇದು ಶಾಸ್ತ್ರಕ್ಕೆ ಸರಿಯಾದ ಮಾತೆಂದು ಸಾಬರು ತಲೆಯಾಡಿಸಿದರು. ಹೊರಗೆ ಬಸ್ಸು ಒಂದು ಮೊಳ ಮುಂದೆ ಸರಿಯಿತು. ಮಾಸ್ತರರು ಕಣ್ಣು ಮುಚ್ಚಿಕೊಂಡು, ಕಡೆಯ ಬೆಂಚಿನವರಿಗೂ ಕೇಳುವಂತೆ ಪಾಠ ಹೇಳುವ ದನಿಯಲ್ಲಿ, "ಬನಶಂಕರಿ" ಎಂದರು.

ಸಾಬರು ಮೈಕು ಬಂದ್ ಮಾಡಿರಲಿಲ್ಲ.

ಕುಡಿಯುವ ನೀರಿನ ನಳದ ಕಡೆಯಿಂದ ಒಬ್ಬಳು "ಓ" ಎಂದಳು. ಹುನಗುಂದದ ಬಸ್ಸಿನಿಂದ ಇಬ್ಬರು ತಲೆ ಹೊರಗೆ ಹಾಕಿದರು. ಹೂವಿನ ಬುಟ್ಟಿಯವಳು "ಬಂದೆ, ತಡಿ" ಎಂದು ಎದ್ದೇ ನಿಂತಳು.

"ಇಷ್ಟು ದೊಡ್ಡ ದನೀಲೆ ಯಾಕ್ರಿ," ಎಂದಳು ಹೆಂಡತಿ, ಮೆಲ್ಲಗೆ. "ಇಲ್ಲೇ ನಿಂತೇನಲ್ಲ."