ಉಡಿ ತುಂಬಿಸಿಕೊಂಡ ಗಾಡಿ

ಬೇರೆಯವರ ಮನೆಯಲ್ಲಿ ಗಾಡಿ ಕೆಟ್ಟರೆ ರಿಪೇರಿ ಆಗುತ್ತದೆ. ನಮ್ಮ ಮನೆಯಲ್ಲಿ ಗಾಡಿ ಕೆಟ್ಟರೆ ಒಂದು ಪ್ರಸಂಗ ಆಗುತ್ತದೆ. ಕೆಡದೆ ಸುಮ್ಮನೆ ನಿಂತಿದ್ದರೂ ಆಗುತ್ತದೆ.

ಗಾಡಿ ಅಂದರೆ ನಮ್ಮ ಯಜಮಾನರ ಹಳೇ ಮೋಟಾರ್ ಸೈಕಲ್. ದೂರದ ಪ್ರಯಾಣಕ್ಕೆಂದೇ ಮಾಡಿದ, ಎಮ್ಮೆ ಗಾತ್ರದ್ದು. ನನಗಿಂತ ಮೊದಲೇ ಅವರ ಬಾಳಿಗೆ ಬಂದದ್ದು. ಅದರ ಮೇಲೆ ಅವರು ಕಾಶ್ಮೀರ ನೋಡಿದ್ದಾರೆ, ಕನ್ಯಾಕುಮಾರಿ ನೋಡಿದ್ದಾರೆ. ಮದುವೆಯಾದ ಮೇಲೆ ನನಗೂ ದೇಶ ತೋರಿಸುತ್ತಿದ್ದಾರೆ: ಕಲಬುರಗಿಯ ಖೂಬಾ ಪ್ಲಾಟಿನಿಂದ ಕಮಲಾಪುರದ ಅತ್ತೆಯ ಮನೆಯವರೆಗೆ.

ಆದರೂ ಆ ಗಾಡಿಯ ಉಪಕಾರ ನನ್ನ ಮೇಲೆ ದೊಡ್ಡದಿದೆ. ಯಜಮಾನರು ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್. ದಿನವಿಡೀ ಮಷೀನಿನ ಸದ್ದು ಕೇಳಿ ಬರುತ್ತಾರೆ, ಮನೆಯಲ್ಲಿ ಬಾಯಿ ತೆರೆಯುವುದಿಲ್ಲ. ಊಟಕ್ಕೆ ಕರೆದರೆ ‘ಹೂಂ’, ಇನ್ನೊಂದು ರೊಟ್ಟಿ ಅಂದರೆ ‘ಬ್ಯಾಡ’. ಅದೇ ಮನುಷ್ಯ ಗಾಡಿ ಹತ್ತಿ ಊರು ದಾಟಿದರೆ ಸಾಕು, ಮಿಲ್ಲಿನ ಜಗಳ, ಹಳೇ ಗೆಳೆಯರು, ಮಗಳ ಶಾಲೆ, ಎಲ್ಲ ತಾವಾಗಿ ಹೇಳುತ್ತಾರೆ. ಭಾನುವಾರದ ಆ ಒಂದು ತಾಸು ಇರದಿದ್ದರೆ ನಾನು ಯಾರನ್ನು ಕಟ್ಟಿಕೊಂಡಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಅಂಥ ಗಾಡಿಯನ್ನು ಮಾರುವ ಮಾತು ಈಚೆಗೆ ಬಂದಿತ್ತು. ಅದನ್ನೂ ಹೇಳುತ್ತೇನೆ. ಮೊದಲು ಮೊದಲಿನದು.

ಸೊನ್ನೆಯ ಹಬ್ಬ

ಗಾಡಿಯದು ಹಳೇ ಮೀಟರ್, ಐದೇ ಅಂಕಿ. ಲಕ್ಷ ಕಿಲೋಮೀಟರ್ ತುಂಬಿದರೆ ಎಲ್ಲ ಸೊನ್ನೆಯಾಗಿ ಮತ್ತೆ ಒಂದರಿಂದ ಶುರು.

ಒಂದು ಭಾನುವಾರ ಕಮಲಾಪುರ ಇನ್ನೇನು ಬಂತು ಅನ್ನುವಾಗ ಯಜಮಾನರು ಗಾಡಿ ನಿಧಾನ ಮಾಡಿದರು.

“ಯಾಕ್ರೀ?”

“ಬಂತು.”

“ಏನ್ ಬಂತು?”

“ಸೊನ್ನಿ.”

ಸುಡು ಬಿಸಿಲಲ್ಲಿ, ಒಂದು ಗಿಡದ ನೆರಳೂ ಇಲ್ಲದ ಕಡೆ ನಿಲ್ಲಿಸಿದರು. ಬ್ಯಾಗಿನಿಂದ ತೆಂಗಿನಕಾಯಿ ಬಂತು, ಊದಿನಕಡ್ಡಿ ಬಂತು, ಪೇಡೆಯ ಡಬ್ಬಿ ಬಂತು. ನಮ್ಮ ಮದುವೆಯ ದಿನ ಪ್ರತಿ ವರ್ಷ ಮರೆಯುವ ಮನುಷ್ಯ! ರಸ್ತೆಯ ಬದಿಯ ಕಲ್ಲಿಗೆ ಕಾಯಿ ಒಡೆದು, ಮೀಟರಿನ ಮುಂದೆ ಕಡ್ಡಿ ಬೆಳಗುತ್ತಿರುವಾಗ, ಆ ದಾರಿಯಲ್ಲಿ ಬಂದ ಒಬ್ಬ ಹಿರಿಯರು ಗಾಬರಿಯಿಂದ ಗಾಡಿ ನಿಲ್ಲಿಸಿದರು.

“ಏನಾಗ್ಯಾದ ತಂಗಿ? ಯಾರಿಗರೆ ಪೆಟ್ಟು ಹತ್ತ್ಯಾದೇನು?”

“ಇಲ್ರೀ ಕಾಕಾ, ಗಾಡಿಗಿ ಲಕ್ಷ ತುಂಬ್ಯಾದ.”

ಅವರು ಪೇಡೆ ತಗೊಂಡರು. ನಿಂತೇ ತಿಂದರು. ಮೀಟರ್ ನೋಡಿದರು, ಗಾಡಿ ನೋಡಿದರು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

“ಮತ್ತ ನೀ ಎಷ್ಟನೇ ಕಿಲೋಮೀಟರಿಗಿ ಹತ್ತೀದಿ?”

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಥಟ್ಟನೆ ಸಂಖ್ಯೆ ಹೇಳಿದರು. ಮದುವೆಯ ತಾರೀಖು ನೆನಪಿರದವರಿಗೆ, ನಾನು ಗಾಡಿ ಹತ್ತಿದ ದಿನ ಮೀಟರಿನಲ್ಲಿ ಎಷ್ಟಿತ್ತು ಎಂಬುದು ಬಾಯಿಪಾಠ. ಜಗಳ ಆಡಬೇಕೋ ನಾಚಬೇಕೋ ತಿಳಿಯದೆ ನಾನು ಉಳಿದ ಪೇಡೆಯನ್ನೆಲ್ಲ ತಿಂದುಬಿಟ್ಟೆ.

ಬಾಣಂತನ

ಲಕ್ಷ ದಾಟಿದ ಮೇಲೆ ಗಾಡಿ ಹೊಗೆ ಕಾರತೊಡಗಿತು. ಕೋಟೆಯ ಹತ್ತಿರ ಯಜಮಾನರ ನಂಬಿಗಸ್ತ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಅವರಿಗೆ ಉಸ್ತಾದ್ ಅನ್ನುತ್ತಾರೆ. ಪಿಸ್ಟನ್ ಬದಲಾಯಿಸಬೇಕು, ಎಂಜಿನ್ ಬಿಚ್ಚಬೇಕು ಅಂದರು ಉಸ್ತಾದ್. ಯಜಮಾನರು ಮಿಲ್ಲಿಗೆ ರಜೆ ಹಾಕಿ, ಉಸ್ತಾದರ ಅಂಗಡಿಯಲ್ಲೇ ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕುಳಿತರು. ನಾನು ಹೆರಿಗೆ ವಾರ್ಡಿನಲ್ಲಿದ್ದಾಗ ಹೊರಗೆ ಕುಳಿತವರು ನನ್ನ ತಮ್ಮ, ಇವರಲ್ಲ.

ಮಧ್ಯಾಹ್ನ ರೊಟ್ಟಿ ಡಬ್ಬಿ ಹಿಡಿದು ಹೋದೆ. ಉಸ್ತಾದ್ ಎದ್ದು ಬಂದು ಕೈ ಮುಗಿದರು.

“ಭಾಭಿ, ಇವ್ರಿಗಿ ಮನಿಗಿ ಕರ್ಕೊಂಡು ಹೋಗ್ರಿ. ಒಂದೊಂದು ಬೋಲ್ಟ್ ಬಿಚ್ಚಿದ್ರ ‘ಜರಾ ಹಗೂರಕ, ಜರಾ ಹಗೂರಕ’ ಅಂತಾರ. ಗಾಡಿ ನಾ ರಿಪೇರಿ ಮಾಡ್ತೀನಿ. ಇವ್ರಿಗಿ ನೀವು ಮಾಡ್ರಿ.”

“ಇವ್ರದು ಸ್ಪೇರ್ ಸಿಗಂಗಿಲ್ಲ ಉಸ್ತಾದ್,” ಅಂದೆ.

ಎಂಜಿನ್ ಕೂಡಿಸಿ ಕೊಡುವಾಗ ಉಸ್ತಾದ್ ಒಂದು ಎಚ್ಚರಿಕೆ ಕೊಟ್ಟರು. ಹೊಸ ಪಿಸ್ಟನ್, ಸ್ವಲ್ಪ ದಿನ ಜೋರು ಓಡಿಸಬಾರದು, ಬಾಣಂತಿಯ ಹಾಗೆ ನೋಡಿಕೊಳ್ಳಬೇಕು. ಯಜಮಾನರು ಅಕ್ಷರಶಃ ಪಾಲಿಸಿದರು. ಮುಂದಿನ ಭಾನುವಾರ ಹುಮನಾಬಾದ್ ರಸ್ತೆಯಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋದರು. ಹುಲ್ಲು ಹೇರಿದ ಟ್ರ್ಯಾಕ್ಟರ್ ಕೂಡ. ನಡುವೆ ಕುಳಿತ ಮಗಳು ದಾಟಿದವರಿಗೆಲ್ಲ ಟಾಟಾ ಮಾಡಿ ಮಾಡಿ ಕೈ ಸೋತು ಮಲಗಿಬಿಟ್ಟಳು.

“ಇನ್ನೂ ಜರಾ ಜೋರು ಹೋಗ್ರಿ,” ಅಂದೆ.

“ಬ್ಯಾಡ. ಬಾಣಂತನ ನಡದದ. ಅವಸರ ಮಾಡಿದ್ರ ಜೀವನಪೂರ್ತಿ ನಡಾ ನೋಯ್ತದ.”

“ಇಷ್ಟೆಲ್ಲಾ ಗೊತ್ತಿದ್ದವರು, ನನ್ನ ಬಾಣಂತನದಾಗ ವಾರ ತುಂಬೂದ್ರಾಗ ಚಹಾ ಮಾಡು ಅಂದಿದ್ರಲ್ಲಾ?”

ಗಾಡಿ ಸ್ವಲ್ಪ ಜೋರಾಯಿತು.

ಮೆತ್ತನೆಯ ಸೀಟು

ಕಾರ್ಖಾನೆಯಿಂದ ಬಂದ ಸೀಟು ಹಲಗೆಯಾಗಿತ್ತು. ಸೂಪರ್ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಒಳಗೆ ಫೋಮ್ ಹಾಕಿ, ಒಳ್ಳೆ ರೆಗ್ಜಿನ್ ಹೊದಿಸಿದ ಅಗಲವಾದ ಹೊಸ ಸೀಟೇ ಮಾಡಿಸಿ ತಂದೆವು. ಆ ವಾರ ಕಮಲಾಪುರದ ಅಂಗಳದಲ್ಲಿ ಯಜಮಾನರು ಯಾವುದೋ ವೈರ್ ನೋಡಲು ಸೀಟು ಬಿಚ್ಚಿ ಕಟ್ಟೆಯ ಮೇಲೆ ಇಟ್ಟರು.

ಅತ್ತೆಗೆ ಮೊಣಕಾಲು ನೋವು. ಕೆಳಗೆ ಕೂಡಲಾರರು, ಕುರ್ಚಿ ಒಗ್ಗುವುದಿಲ್ಲ. ತೊಗರಿಯ ಮೊರ ಹಿಡಿದು ಬಂದು, ಕಟ್ಟೆ ಮೇಲಿನ ಸೀಟಿನ ಮೇಲೆ ಕುಳಿತರು. ಕುಳಿತವರು ಕಣ್ಣು ಮುಚ್ಚಿದರು.

ವೈರಿನ ಕೆಲಸ ಮುಗಿಯಿತು. ಸಂಜೆಯಾಯಿತು. ಯಜಮಾನರು ಹೋಗಿ ಎದುರು ನಿಂತರು.

“ಅವ್ವಾ, ಏಳು. ಹೋಗಬೇಕು.”

“ಹೋಗ್ರಿ. ಯಾರು ಬ್ಯಾಡ ಅಂದಾರ?”

“ಸೀಟ್ ಮ್ಯಾಲ ಕುಂತೀದಿ.”

“ಕುಂತೀನಿ. ಮದಿವ್ಯಾಗಿ ಬಂದಾಗಿಂದ ಈ ಮನ್ಯಾಗ ನನಗ ಇಷ್ಟು ಮೆತ್ತಗ ಯಾರೂ ಕುಂಡರ್ಸಿಲ್ಲ.”

ಒಳಗೆ ಪೇಪರ್ ಓದುತ್ತಿದ್ದ ಮಾವ ಪೇಪರನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದರು.

ಬಿಸಾಡಲು ಮನಸ್ಸಾಗದ ಹಳೇ ಸೀಟನ್ನು ಯಜಮಾನರು ಬೆಳಿಗ್ಗೆಯೇ ಗಾಡಿಗೆ ಕಟ್ಟಿ ತಂದು ಅಟ್ಟಕ್ಕೆ ಹಾಕಿದ್ದರು. ಅದನ್ನೇ ಹಾಕಿಕೊಂಡು ಕಲಬುರಗಿಗೆ ಬಂದೆವು. ನನ್ನ ಸೊಂಟ ಹೋಯಿತು, ಆದರೆ ಅತ್ತೆ ಆ ರಾತ್ರಿ ಫೋನ್ ಮಾಡಿ “ನಿನ್ ಹೊಟ್ಟಿ ತಣ್ಣಗಿರ್ಲಿ ಯವ್ವಾ” ಅಂದದ್ದು ಯಾವ ಸೀಟಿಗಿಂತಲೂ ಮೆತ್ತಗಿತ್ತು. ಮುಂದಿನ ವಾರ ಅಂಗಡಿಯವನಿಗೆ ಅದೇ ಅಳತೆಯ ಇನ್ನೊಂದು ಸೀಟು ಹೇಳಿದೆವು. “ಎರಡು ಗಾಡಿ ಅವ ಏನ್ರೀ?” ಅಂತ ಕೇಳಿದ.

“ಒಂದು ಗಾಡಿ, ಒಬ್ಬರು ಅತ್ತಿ,” ಅಂದೆ.

ಹೆಲ್ಮೆಟ್ಟಿನ ಒಳಗೆ ಮುತ್ತ್ಯಾ

ಗಾಳಿಯಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ ಎಂದು ಯಜಮಾನರು ಇಬ್ಬರ ಹೆಲ್ಮೆಟ್ಟಿಗೂ ಮೈಕು, ಸ್ಪೀಕರ್ ಕೂಡಿಸಿದರು. ತಂತಿ ಇಲ್ಲ, ಏನಿಲ್ಲ. ಒಬ್ಬರು ಮಾತಾಡಿದರೆ ಇನ್ನೊಬ್ಬರ ಕಿವಿಯಲ್ಲೇ ಕೇಳುತ್ತದೆ. ನನ್ನ ನಾಲಿಗೆಯನ್ನು ತಾವಾಗಿಯೇ ಕಿವಿಯೊಳಗೆ ಬಿಟ್ಟುಕೊಂಡ ಗಂಡ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಕಮಲಾಪುರ ಮುಟ್ಟಿದ ಮೇಲೆ ನನ್ನ ಹೆಲ್ಮೆಟ್ಟನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟು ರೊಟ್ಟಿ ಬಡಿಯುತ್ತಿದ್ದೆ. ಯಜಮಾನರು ಹೊರಗೆ ಅಂಗಳದಲ್ಲಿ ಹೆಲ್ಮೆಟ್ ಹಾಕಿಕೊಂಡೇ ಮೈಕು ಸರಿಮಾಡುತ್ತಿದ್ದರು. ಮಗಳು ಆಟಕ್ಕೆ ನನ್ನ ಹೆಲ್ಮೆಟ್ ತಲೆಗೆ ಹಾಕಿಕೊಂಡವಳು ಕೂಗಿದಳು:

“ಮಮ್ಮೀ, ಇದ್ರಾಗ ಮುತ್ತ್ಯಾ ಕುಂತಾನ!”

ಮುತ್ತ್ಯಾ ಅಂದರೆ ಅವಳ ಅಜ್ಜ, ನನ್ನ ಮಾವ. ಕಿತ್ತು ನನ್ನ ತಲೆಗೆ ಹಾಕಿಕೊಂಡೆ. ನಿಜವಾಗಿ ಮಾವ ಇದ್ದರು. ಅಂಗಳದಲ್ಲಿ ಮಗನ ಮುಂದೆ ನಿಂತು ಮಾತಾಡುತ್ತಿದ್ದದ್ದು ಮಗನ ಮೈಕಿನಿಂದ ನನಗೆ ಬರುತ್ತಿತ್ತು.

“ಗಾಡಿ ಹಳೀದು, ಕೂಸು ಸಣ್ಣದು, ರೋಡು ದೊಡ್ಡದು. ನಡುವ ಕೆಟ್ಟು ನಿಂತ್ರ ಏನ್ ಮಾಡ್ತಿ? ಒಬ್ಬ ಗಿರಾಕಿ ಸಿಕ್ಕಾನ. ಬರೂ ಐತವಾರ ಬರ್ತಾನ. ಕೊಟ್ಟು ಒಂದು ಸ್ಕೂಟರ್ ತಗೊಂಡುಬಿಡು.”

“ಹೂಂ,” ಅಂದರು ನನ್ನ ಗಂಡ.

“ನಿನ್ ಹೆಂಡ್ತಿಗಿ ಈಗ ಹೇಳಬ್ಯಾಡ. ಆಕಿ ನಾಲಿಗಿ ಭಾಳ ಚೂಪ ಅದ.”

ನಾನು ಮೈಕಿಗೆ ಬಾಯಿ ಹಚ್ಚಿದೆ. “ಮಾವಾರಿಗಿ ಹೇಳ್ರಿ, ಚೂಪ ಅಷ್ಟೇ ಅಲ್ಲ, ಅಂಗಳದ ತನಕ ಉದ್ದನೂ ಅದ ಅಂತ.”

ಯಜಮಾನರು ಹಾರಿಬಿದ್ದರು. “ಏನಾಯ್ತಲೇ?” ಅಂದರು ಮಾವ.

“ಏನಿಲ್ಲಪ್ಪಾ,” ಅಂದರು ಇವರು, “ಹೆಲ್ಮೆಟ್ ಕಡೀತು.”

ಕಳಿಸಿಕೊಟ್ಟದ್ದು

ನಗಾಡಿದೆನೇ ಹೊರತು ಆಮೇಲೆ ಬಡಿದ ರೊಟ್ಟಿಗಳನ್ನೆಲ್ಲ ಹೊತ್ತಿಸಿಬಿಟ್ಟೆ. ಮಾವ ಹೇಳಿದ್ದು ಸುಳ್ಳಲ್ಲ, ಮೊಮ್ಮಗಳ ಮೇಲಿನ ಜೀವಕ್ಕೆ ಹೇಳಿದ್ದು. ಅಪ್ಪನಿಗೆ ಎದುರಾಡಿ ಇವರಿಗೆ ಗೊತ್ತಿಲ್ಲ. ಅಂದು ವಾಪಸ್ ಬರುವಾಗ ಕಿವಿಯಲ್ಲಿ ಸ್ಪೀಕರ್ ಇದ್ದರೂ ದಾರಿಯುದ್ದಕ್ಕೂ ಒಂದು ಮಾತಿಲ್ಲ. ಗಾಡಿಯ ಮೇಲೆ ಕುಳಿತೂ ಇವರು ಸುಮ್ಮನಿದ್ದದ್ದು ಅದೇ ಮೊದಲು. ಇದು ಹೋದರೆ ನನಗೆ ಉಳಿಯುವುದು ‘ಹೂಂ’ ಮತ್ತು ‘ಬ್ಯಾಡ’ ಅಷ್ಟೇ ಅಂದುಕೊಂಡೆ.

ಭಾನುವಾರ ಬಂತು. ಯಜಮಾನರು ಕಮಲಾಪುರದ ಅಂಗಳದಲ್ಲಿ ಬೆಳಿಗ್ಗೆಯಿಂದ ಗಾಡಿ ತಿಕ್ಕಿ ತಿಕ್ಕಿ ತೊಳೆದು, ಕಾಗದಪತ್ರ ತರುವ ನೆಪದಲ್ಲಿ ಒಳಗೆ ಹೋಗಿ ಕುಳಿತುಬಿಟ್ಟರು. ಅತ್ತೆ ಹೊರಗೆ ಬಂದರು.

“ಇಷ್ಟು ವರ್ಷ ಹೆಣ್ಣಮಗಳಂಗ ಈ ಬಾಗಿಲಿಗಿ ಬಂದು ಹೋಗ್ಯಾದ. ಬರಿಗೈಲೆ ಹ್ಯಾಂಗ ಕಳಸೂದು? ಉಡಿ ತುಂಬಬೇಕು.”

ನಮ್ಮಲ್ಲಿ ಮಗಳು ಗಂಡನ ಮನೆಗೆ ಹೊರಟರೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಅಡಿಕೆ, ರವಿಕೆಯ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ. “ಗಾಡಿಗಿ ಉಡಿ ಎಲ್ಲ್ಯದ ಅತ್ತಿ?” ಅಂದೆ. ಅತ್ತೆ ಪೆಟ್ರೋಲ್ ಟ್ಯಾಂಕಿನ ಮೇಲಿನ ಬ್ಯಾಗ್ ತೋರಿಸಿದರು. “ಹೊಟ್ಟಿ ಮುಂದ ಇದ್ದದ್ದೇ ಉಡಿ.” ಜಿಪ್ ತೆಗೆದು ಎಲ್ಲವನ್ನೂ ತುಂಬಿದರು. ಅಕ್ಕಿ ಹೆಚ್ಚಾಗಿ ಜಿಪ್ ಮುಚ್ಚಲಿಲ್ಲ.

ಇನ್ನು ಎಣ್ಣೆ, ಅರಿಷಿಣ. ಹಣೆ ಯಾವುದು, ಮುಖ ಯಾವುದು ಎಂದು ಹುಡುಕಿ, ಮುಂದಿನ ಚಕ್ರದಲ್ಲಿ ಆರತಿ ತಟ್ಟೆಯ ಹಾಗೆ ಹೊಳೆಯುವ ಸ್ಟೀಲಿನ ಬಿಲ್ಲೆ ಕಂಡರು. “ಇದೇ ನೋಡು ಮಾರಿ, ಎಷ್ಟು ಲಕಲಕ ಅಂತದ!” ಎಂದು ಎರಡೂ ಕಡೆ ಕೊಬ್ಬರಿ ಎಣ್ಣೆ ತೀಡಿ, ಅರಿಷಿಣ ಬಳಿದರು. ಬಟ್ಟಲು ಹಿಡಿದು ನಿಂತವಳು ನಾನೇ. ಬ್ರೇಕು ಹಿಡಿಯುವುದು ಆ ಬಿಲ್ಲೆಯನ್ನೇ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಿರಾಕಿ ಬಂದ. ಮದುವೆ ಗೊತ್ತಾದ ಹುಡುಗ, ಕಪ್ಪು ಕನ್ನಡಕ. ಜೊತೆಗೆ ಅವನ ಸೋದರಮಾವ. ಕೀಲಿ ತಗೊಂಡು ಓಣಿಯ ತುದಿಯವರೆಗೆ ಹೋಗಿ ಠೀವಿಯಿಂದ ತಿರುಗಿ ಬಂದ. ನಮ್ಮ ಬಾಗಿಲ ಮುಂದೆ ನಿಲ್ಲಲು ಮುಂದಿನ ಬ್ರೇಕ್ ಒತ್ತಿದ.

ಗಾಡಿ ಕೀಂಯ್ ಅಂತು. ನಿಲ್ಲಲಿಲ್ಲ.

ಹಿಂದೆಯೂ ಒಂದು ಬ್ರೇಕ್ ಇದೆ ಎಂಬುದು ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ. ನನ್ನ ಮಾವನ ಮುಂದೆ ಹಾದು, ತನ್ನ ಸೋದರಮಾವನ ಮುಂದೆ ಹಾದು, “ಮಾಮಾ... ಮಾಮಾ...” ಅನ್ನುತ್ತ ಓಡುವವರ ವೇಗದಲ್ಲಿ ಹೋಗಿ ಪಕ್ಕದ ಮನೆಯವರು ಜೋಳದ ದಂಟು ಒಟ್ಟಿದ ಕಣಕಿ ಬಣವಿಯೊಳಗೆ ಹೊಕ್ಕು ನಿಂತ. ಹೊಕ್ಕ ರಭಸಕ್ಕೆ ಬ್ಯಾಗಿನ ಅಕ್ಕಿಯೆಲ್ಲ ಹಾರಿ ಅವನ ತಲೆಯ ಮೇಲೆ ಬಿತ್ತು. ಖಣ ಹೆಗಲ ಮೇಲೆ ಬಂತು. ಕೊಬ್ಬರಿ ಬಟ್ಟಲು ಮಡಿಲಲ್ಲಿ.

ಎಲ್ಲರೂ ಓಡಿದೆವು. ಒಂದು ಗೀರೂ ಆಗಿರಲಿಲ್ಲ, ದೇವರು ದೊಡ್ಡವನು. ಸೋದರಮಾವ ಅಳಿಯನ ತಲೆಯ ಮೇಲಿನ ಅಕ್ಕಿ ನೋಡಿ, “ಏಳಪ್ಪಾ, ನಿನ್ ಲಗ್ನ ಇನ್ನೂ ಮುಂದದ,” ಅಂದ. ಇಬ್ಬರೂ ಬಂದ ದಾರಿ ಹಿಡಿದರು.

ಯಜಮಾನರು ಗಾಡಿ ಎಳೆದು ತಂದು, ಬಿಲ್ಲೆ ಮುಟ್ಟಿ, ಬೆರಳು ಮೂಸಿದರು.

“ಅವ್ವಾ, ಇಲ್ಲಿ ಎಣ್ಣಿ ಹಚ್ಚೀಯೇನು?”

“ಹೂಂ. ಅರಿಷಿಣನೂ ಹಚ್ಚೀನಿ.”

ಅವರು ಅಂಗಳದಲ್ಲೇ ಕುಸಿದು ಕುಳಿತು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, “ಅಪ್ಪಾ, ನಾ ಮಾರೂದಿಲ್ಲ. ಪ್ರತಿ ಐತವಾರ ಉಸ್ತಾದ್ ಕಡಿ ತೋರ್ಸೇ ಬರ್ತೀನಿ. ನಿಮ್ಮ ಮೊಮ್ಮಗಳ ಜವಾಬ್ದಾರಿ ನಂದು,” ಅಂದರು. ಗಾಡಿಯ ಮೇಲಿಂದಲ್ಲ, ನೆಲದ ಮೇಲೆ ಕುಳಿತು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

“ಒಂದು ವಾರದಿಂದ ಈ ಬಾಯಿ ಎಲ್ಲಿ ಇಟ್ಟಿದ್ರಿ?” ಅಂದೆ.

ಮಾವ ಮೆತ್ತಗಾದರು. ಆದರೂ ಗಂಡಸು, ಸೋತೆ ಅನ್ನಲು ಮನಸ್ಸಿಲ್ಲ. ಹೆಂಡತಿಯ ಕಡೆ ತಿರುಗಿ ಕೊನೆಯದೊಂದು ಕೊಕ್ಕೆ ಹಾಕಿದರು.

“ಅಲ್ಲ, ಉಡಿ ತುಂಬಿದ ಮ್ಯಾಲ ಕಳಸಲೇಬೇಕಲ್ಲ? ಪದ್ಧತಿ ಅಂದ್ರ ಪದ್ಧತಿ.”

ಅತ್ತೆ ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿಯುತ್ತ, ತಲೆ ಎತ್ತದೆ ಹೇಳಿದರು:

“ಕಳಸೇನಲ್ಲ? ಬಣವಿ ತನಕ ಹೋಗಿ, ಗಂಡಿನ ಕಡ್ಯಾವ್ರು ಚೊಲೋ ಇಲ್ಲಂತ ತಿರುಗಿ ಬಂದಾಳ.”