ಕಣ್ಣಿಗೊತ್ತಿಕೊಳ್ಳಬಾರದ ದಿನ

ಪೂಜ್ಯವೆನಿಸಿದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳುವುದು ಶ್ರೀಶೈಲಪ್ಪನ ಚಟ. ರಾಮದುರ್ಗದ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಹೊಸ ಸೀರೆ ಬಂದರೂ ಮೊದಲು ಕಣ್ಣಿಗೆ, ಆಮೇಲೆ ಕಪಾಟಿಗೆ. ಈ ಚಟವೇ ಈಗ ಕುತ್ತಿಗೆಗೆ ಬಂದಿತ್ತು.

ಅವನ ಬಲಗಣ್ಣಿನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಮೆತ್ತಗಾಗಿ, ಮುಂದಕ್ಕೆ ಚೂಪಾಗಿ ಉಬ್ಬಿ, ಒಬ್ಬ ಗಿರಾಕಿ ಬಂದರೆ ಮೂವರು ಬಂದಂತೆ ಕಾಣುತ್ತಿತ್ತು. ಹುಬ್ಬಳ್ಳಿಯ ಡಾಕ್ಟರ್ ಕೌಶಿಕ ಹತ್ತು ದಿನದ ಹಿಂದೆ ಅದರೊಳಗೆ ಸಣ್ಣ ಉಂಗುರ ಕೂಡಿಸಿ ಎಚ್ಚರಿಸಿದ್ದರು: "ಉಂಗುರ ಆಕಾರ ಸರಿ ಮಾಡತೈತ್ರಿ, ಆದ್ರ ಪೊರಿ ಮೆತ್ತಗಿದ್ದದ್ದು ಮೆತ್ತಗ ಇರತೈತಿ. ಒತ್ತಬ್ಯಾಡ್ರಿ. ಸರದ್ರ ಮತ್ತ ಆಪರೇಶನ್."

ಕಣ್ಣಿಗೆ ಹಾಕಿದ್ದ ಮುಚ್ಚಳ ತೆಗೆದದ್ದು ಇವತ್ತು ಮುಂಜಾನೆ. ತಪಾಸಣೆ ಸಂಜೆಗೆ, ಹುಬ್ಬಳ್ಳಿಯಲ್ಲಿ. ಅಲ್ಲಿಯತನಕ ಕೈ ಸುಮ್ಮನಿದ್ದರೆ ಸಾಕಿತ್ತು.

ಮೊದಲು ತಾಯಿ ಸಿದ್ದಲಿಂಗವ್ವ ಆರತಿ ತಂದಳು. ಅಂಗೈ ದೀಪದ ಮೇಲೆ ಹೋಗಿ, ಅಲ್ಲಿಂದ ತಾನಾಗಿಯೇ ಕಣ್ಣಿನತ್ತ ಹೊರಟಿತು. ಶ್ರೀಶೈಲಪ್ಪ ಗಾಬರಿಯಾಗಿ ಅದನ್ನು ಹೊಟ್ಟೆಗೆ ಒರೆಸಿಕೊಂಡ.

"ದೇವ್ರ ಆರತಿ ಹೊಟ್ಟಿಗೆ ತಗೋತಾರೇನೋ?" ಎಂದು ಮುದುಕಿ ಮುಖ ತಿರುಗಿಸಿದಳು.

ಅಂಗಡಿಗೆ ಬಂದರೆ ಎದುರಿನ ಎಸ್‌ಟಿಡಿ ಬೂತಿನ ನಿಜಗುಣಪ್ಪ ಸವದತ್ತಿಯಿಂದ ತಂದ ಎಲ್ಲವ್ವನ ಭಂಡಾರದ ಅರಿಷಿಣ ಪೊಟ್ಟಣ ಹಿಡಿದು ಕಾದಿದ್ದ. "ನಿನ್ನ ಕಣ್ಣಿಗಂತನ ಬೇಡಿಕೊಂಡು ತಂದೇನಿ. ಒತ್ಗೋ."

ಶ್ರೀಶೈಲಪ್ಪ ಅದನ್ನು ಕಿವಿಗೆ ಮುಟ್ಟಿಸಿ ಕಿಸೆಗಿಳಿಸಿದ. ನಿಜಗುಣಪ್ಪ ಚಹಾ ಕುಡಿಯದೆ ಎದ್ದು ಹೋದ. ಅಷ್ಟರಲ್ಲಿ ಇನ್ನೊಬ್ಬ ಗೆಳೆಯ ಜಟ್ಟೆಪ್ಪ ಬಂದು ಮಗಳ ಲಗ್ನಪತ್ರಿಕೆ ಕೊಟ್ಟ. ಒಳಗೆ ಅಕ್ಷತೆ, ಮೇಲೆ ಗಣಪತಿ. ಕೈ ಮತ್ತೆ ಮೇಲೇಳುವುದನ್ನು ಕಂಡು ಶ್ರೀಶೈಲಪ್ಪ ಪತ್ರಿಕೆಯನ್ನು ಗಬಕ್ಕನೆ ಬಗಲಲ್ಲಿ ಅವುಚಿಕೊಂಡ.

"ನನ್ನ ಮಗಳ ಲಗ್ನ ನಿನ್ನ ಬಗಲಾಗೇನು?" ಜಟ್ಟೆಪ್ಪ ಕೂಗಾಡಿದ. "ಆಪರೇಶನ್ ಆದಮ್ಯಾಲ ಇವಂಗ ಕಣ್ಣು ನೆತ್ತಿಗೇರ್ಯಾವ!"

ಮಧ್ಯಾಹ್ನದೊಳಗೆ ಪೇಟೆಗೆಲ್ಲ ಅದೇ ಸುದ್ದಿ. ಹುಬ್ಬಳ್ಳಿ ಬಸ್ಸು ಎಲ್ಲವ್ವನ ಗುಡ್ಡ ಹಾಯುವಾಗ ಎಲ್ಲರೂ ಕೈ ಮುಗಿದರು. ಶ್ರೀಶೈಲಪ್ಪ ಎರಡೂ ಕೈ ತೊಡೆಯ ಕೆಳಗಿಟ್ಟು, ಅವುಗಳ ಮೇಲೆ ಗಟ್ಟಿಯಾಗಿ ಕುಳಿತಿದ್ದ. ಪಕ್ಕದ ಮುದುಕಿ ಸರಿದು ಕುಳಿತಳು.

ಆಸ್ಪತ್ರೆಯ ಯಂತ್ರ ಕಣ್ಣಿಗೆ ಪುಸ್ಸೆಂದು ಗಾಳಿ ಊದಿತು. ಪೊರೆ ಎಷ್ಟು ತಗ್ಗಿ, ಹೇಗೆ ಮೇಲೆದ್ದಿತೆಂದು ಡಾಕ್ಟರು ನೋಡಿದರು. ಆಮೇಲೆ ಅಕ್ಷರದ ಹಲಗೆ ಓದಿಸಿದರು. ಅಕ್ಷರಗಳು ಒಂದೊಂದಾಗಿಯೇ ನಿಂತಿದ್ದವು. ಶ್ರೀಶೈಲಪ್ಪ ಕೊನೆಯ ಸಾಲಿನವರೆಗೂ ಓದಿದ.

"ಭೇಷ್! ಉಂಗುರ ಕೂದಲೆಳಿಯಷ್ಟೂ ಸರದಿಲ್ಲರಿ."

ಶ್ರೀಶೈಲಪ್ಪ ಕುರ್ಚಿಯಿಂದ ಎದ್ದು ನಿಂತ. ತಾಯಿ ಮುನಿದದ್ದು, ಗೆಳೆಯರು ಬೈದದ್ದು ಎಲ್ಲ ಸಾರ್ಥಕವಾಯಿತು ಎನ್ನಿಸಿತು. ಮೇಜಿನಾಚೆಯಿಂದ ಡಾಕ್ಟರ ಎರಡೂ ಕೈ ಹಿಡಿದ. "ದೇವರ ಕೈರೀ ಇವು!" ಎಂದವನೇ ಅವನ್ನೆಳೆದು ಕಣ್ಣುಗಳಿಗೆ ಭಕ್ತಿಯಿಂದ ಒತ್ತಿಕೊಂಡ, ಮೂರು ಸಲ.

ಡಾಕ್ಟರು ಕೈ ಬಿಡಿಸಿಕೊಂಡು, ಅವನ ಗದ್ದವನ್ನು ಮತ್ತೆ ಯಂತ್ರದ ಮೇಲಿರಿಸಿ, ಬಹಳ ಹೊತ್ತು ನೋಡಿದರು.

"ಈಗ ಸರದೈತ್ರಿ. ನಾಳೆ ಮುಂಜಾನಿ ಮತ್ತ ಟೇಬಲ್ ಮ್ಯಾಲ ಮಲಗಬೇಕಾಗತೈತಿ."

"ನೀವ ಅದೀರಲ್ಲರಿ, ಇನ್ನ್ಯಾಕ ಚಿಂತಿ!" ಎಂದು ಶ್ರೀಶೈಲಪ್ಪ ಕಣ್ಣು ತುಂಬಿ ನಕ್ಕ, ಮತ್ತೆ ಕೈ ಚಾಚಿದ.

ಡಾಕ್ಟರು ತಮ್ಮ ಎರಡೂ ಕೈಗಳನ್ನು ಕೋಟಿನ ಕಿಸೆಯಲ್ಲಿ ಅಡಗಿಸಿಕೊಂಡರು.