ಗ್ರೇಸ್ ಮ್ಯಾಮ್ ಮನೆಗೆ ಗಂಧದ ಹಾರ

ಸಾವಿನ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ದೇಶದ ರಾಜಧಾನಿಯ ಈ ಇಡೀ ಲೋಧಿ ಕಾಲೋನಿಯಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ, ಅನುಭವದ ಮಾತು. ಇಲ್ಲಿನ ಕನ್ನಡಿಗರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಫೋನು ಬರುವುದೇ ನನಗೆ. ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕೂರಬೇಕು, ಯಾವ ಘಳಿಗೆಯಲ್ಲಿ ಕನ್ನಡಕ ತೆಗೆದು ಒರೆಸಬೇಕು, ಎಲ್ಲವೂ ಬಾಯಿಪಾಠ. ಬಹಳ ಮುಖ್ಯವಾದದ್ದು, ಹೊರಡುವಾಗ "ಬರ್ತೀನಿ" ಎನ್ನಬಾರದು. ಅಂಥ ಕೆಲಸಕ್ಕೆ ಆ ಮನೆಗೆ ಮತ್ತೆ ಬರುವ ಹಾಗಾಗಬಾರದಲ್ಲ, ಅದಕ್ಕೆ. ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ನಡೆಯಬೇಕು. ಸಚಿವಾಲಯದಲ್ಲಿ ಇಪ್ಪತ್ತೆರಡು ವರ್ಷ ಕಡತ ನೋಡಿದ ನನಗೆ ನಿಯಮವೆಂದರೆ ಪ್ರಾಣ.

ಇಂಥ ನಾನು, ಕಳೆದ ಡಿಸೆಂಬರಿನಲ್ಲಿ ಮಗಳ ಟೀಚರಿಗೆ ಕ್ರಿಸ್‌ಮಸ್ ಉಡುಗೊರೆ ಆರಿಸಲು ಹೋಗಿ ಮಾನ ಕಳೆದುಕೊಂಡೆ.

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ನನ್ನ ಅಮ್ಮ ಹೋದರು. ಈ ಸರ್ಕಾರಿ ಕ್ವಾರ್ಟರ್ಸಿನಲ್ಲೇ ನಮ್ಮ ಜೊತೆ ಇದ್ದವರು. ಎರಡನೇ ಕ್ಲಾಸಿನ ಮಗಳು ಅನಘಾ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ ಎಂದು ನಾನು ಆದೇಶ ಹೊರಡಿಸಿದೆ. ಯುಗಾದಿ ಬಂದ ದಾರಿಯಲ್ಲೇ ಹೋಯಿತು. ಗಣಪತಿ ಬರಲೇ ಇಲ್ಲ. ದೀಪಾವಳಿಗೆ ಇಡೀ ಗಲ್ಲಿ ಬೆಳಗುತ್ತಿದ್ದಾಗ ನಮ್ಮ ಬಾಲ್ಕನಿ ಮಾತ್ರ ಕತ್ತಲಾಗಿತ್ತು. ಮಗು ಕಂಬಿ ಹಿಡಿದು ನಿಂತು ಎದುರುಮನೆಯ ಸುರುಸುರು ಬತ್ತಿ ನೋಡುತ್ತಿದ್ದಳು. ಒಂದು ದೀಪ ಹಚ್ಚೋಣವೇ ಎಂದು ನನಗೂ ಅನಿಸಿತು. ಆದರೆ ನಿಯಮ!

ಡಿಸೆಂಬರಿನಲ್ಲಿ ಒಂದು ದಿನ ಅವಳು ನನ್ನ ಮುಂದೆ ಬಂದು ನಿಂತಳು.

"ಅಪ್ಪ, ಕ್ರಿಸ್‌ಮಸ್ ತೋ ಹಮಾರಾ ತ್ಯೋಹಾರ್ ಹೀ ನಹೀಂ ಹೈ. ಅಂದ್ರೆ ಮಾಡ್ಬಹುದಲ್ವಾ?"

ನಾನು ಪ್ರಶ್ನೆಯನ್ನು ಎಲ್ಲ ಕೋನಗಳಿಂದ ಪರಿಶೀಲಿಸಿದೆ. ನಮ್ಮದಲ್ಲದ ಹಬ್ಬಕ್ಕೆ ನಮ್ಮ ನಿಷೇಧ ಅನ್ವಯಿಸುವುದಿಲ್ಲ. ಹುಡುಗಿ ಮುಂದೆ ವಕೀಲೆಯಾಗುವುದು ಖಂಡಿತ.

"ಗ್ರೇಸ್ ಮ್ಯಾಮ್‌ಗೆ ಗಿಫ್ಟ್ ಕೊಡೋಣ. ನಾನು ಪ್ರಾಮಿಸ್ ಮಾಡಿದೀನಿ," ಎಂದಳು. ಗ್ರೇಸ್ ಮ್ಯಾಮ್ ಅವಳ ಕ್ಲಾಸ್ ಟೀಚರ್.

ಅನುಮತಿ ಕೊಟ್ಟೆ. ತಾಯಿ ಮಗಳಿಬ್ಬರೂ ಒಂದು ವಾರ ಓಡಾಡಿದ ಸಂಭ್ರಮ ನೋಡಬೇಕಿತ್ತು. ಹೆಂಡತಿ ಸುಮಾ ಸರೋಜಿನಿ ನಗರದಿಂದ ಕೆಂಪು ಉಣ್ಣೆಯ ಶಾಲು ತಂದಳು. ಪ್ಲಮ್ ಕೇಕ್ ಬಂತು. ಅನಘಾ ಕೆಂಪು ಹಾಳೆಗೆ ಹತ್ತಿ ಅಂಟಿಸಿ ಕಾರ್ಡು ಮಾಡತೊಡಗಿದಳು. ಗೋಂದು ನನ್ನ ಟಿಫಿನ್ ಡಬ್ಬಿಯ ಮುಚ್ಚಳಕ್ಕೂ ಹತ್ತಿತ್ತು. ಒಳಗೇನು ಬರೆದಿದ್ದೀಯೆಂದರೆ "ಸೀಕ್ರೆಟ್" ಎಂದು ಮುಚ್ಚಿಕೊಂಡಳು. ಅಷ್ಟರಲ್ಲಿ ಚಳಿಗಾಲದ ಗಾಳಿಯಲ್ಲಿ ಹೊಗೆ ಹೆಚ್ಚಾಗಿ ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ಸರಿ, ಭಾನುವಾರ ಗಾಜಿಯಾಬಾದಿನ ಮ್ಯಾಮ್ ಮನೆಗೇ ಹೋಗಿ ಕೊಡುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು, ಗ್ರೇಸ್ ಮ್ಯಾಮ್ ಅವರ ತಾಯಿ ಅಕ್ಟೋಬರಿನಲ್ಲಿ ತೀರಿಕೊಂಡಿದ್ದಾರೆ ಎಂದು. ನಾನು ಕುರ್ಚಿಯಿಂದ ನೆಟ್ಟಗೆ ಎದ್ದೆ. ನನ್ನ ವಿದ್ಯೆಗೆ ಕರೆ ಬಂದಿತ್ತು!

"ಸುಮಾ, ಕೆಂಪು ಶಾಲು ನಡೆಯಲ್ಲ. ಕೇಕೂ ನಡೆಯಲ್ಲ."

"ಅವರು ಕ್ರಿಶ್ಚಿಯನ್ಸ್ ರೀ. ಅವರಿಗೆ ನಮ್ಮ ಹಾಗೆ ವರ್ಷದ ಕಟ್ಟು ಇರುತ್ತೋ ಇಲ್ವೋ."

"ದುಃಖಕ್ಕೆ ಜಾತಿ ಇದೆಯೇನೆ?"

"ದುಃಖಕ್ಕಿಲ್ಲ. ನಿಮ್ಮ ನಿಯಮಕ್ಕಿದೆ. ಒಂದು ಫೋನ್ ಮಾಡಿ ಕೇಳಿ ನೋಡಿ."

"ಸಾವಾದ ಮನೆಗೆ ಫೋನ್ ಮಾಡಿ, ಹಬ್ಬ ಇದೆಯಾ ಅಂತ ಕೇಳ್ತಾರಾ ಯಾರಾದ್ರೂ?"

ಸುಮಾ ಮಾತು ನಿಲ್ಲಿಸಿದಳು. ಗೆದ್ದೆ ಎಂದುಕೊಂಡೆ. ಹೆಂಡತಿ ಸುಮ್ಮನಾದಾಗೆಲ್ಲ ನಾನು ಹೀಗೇ ಎಂದುಕೊಳ್ಳುವುದು. ಕೆಂಪು ಶಾಲಿನ ಜಾಗಕ್ಕೆ ಬೂದಿ ಬಣ್ಣದ ಶಾಲು ಬಂತು. ಕೇಕು ಅವರ ಮನೆಗೆ ಕೊಡುವ ಹಾಗಿಲ್ಲ, ನಮ್ಮ ಮನೆಯಲ್ಲಿ ತಿನ್ನುವ ಹಾಗಿಲ್ಲ. ಪಾಪ, ಫ್ರಿಜ್ಜಿನಲ್ಲಿ ಕೂತಿತು. ಕಾರ್ಡನ್ನು ಅಲ್ಮೇರಾದ ಮೇಲಿಟ್ಟೆ. "ಮುಂದಿನ ವರ್ಷ ಕೊಡೋಣ ಪುಟ್ಟಾ," ಎಂದೆ. ಕಚೇರಿಯಲ್ಲಿ ಎಷ್ಟೋ ಕಡತಗಳಿಗೆ ನಾನು ಇದನ್ನೇ ಹೇಳಿ ಸುಖವಾಗಿದ್ದೇನೆ. ಮಗಳು ಅಳಲಿಲ್ಲ, ಅಲ್ಮೇರಾ ನೋಡುತ್ತಾ ನಿಂತಳು.

ಆಮೇಲೆ ಕರ್ನಾಟಕದ ಎಂಪೋರಿಯಂಗೆ ಹೋಗಿ ಗಂಧದ ಹಾರ ಕೇಳಿದೆ.

"ಸನ್ಮಾನಕ್ಕಾ ಸರ್?" ಎಂದ ಅಂಗಡಿಯಾತ.

"ಫೋಟೋಗೆ."

ಆತ ಕೂಡಲೇ ದನಿ ತಗ್ಗಿಸಿ, ಒಳಗಿಂದ ಒಳ್ಳೆಯ ಹಾರ ತಂದು ಬಿಳಿ ಕಾಗದದಲ್ಲಿ ಸುತ್ತಿಕೊಟ್ಟ. ಬಲ್ಲವನು!

ಭಾನುವಾರ ಅನಘಾಳ ಕೆಂಪು ಸ್ವೆಟರ್ ಬಿಚ್ಚಿಸಿ ಶಾಲೆಯ ನೀಲಿ ಸ್ವೆಟರ್ ಹಾಕಿಸಿ, ಅವಳೊಬ್ಬಳನ್ನೇ ಕರೆದುಕೊಂಡು ಹೊರಟೆ. ಮೆಟ್ರೋದಲ್ಲಿ ದಾರಿಯುದ್ದಕ್ಕೂ ತರಬೇತಿ ಕೊಟ್ಟೆ. ನಗಬಾರದು, ಮೆರ್ರಿ ಗಿರ್ರಿ ಅನ್ನಬಾರದು, ಹೊರಡುವಾಗ ಬಾಯ್ ಅನ್ನಬಾರದು. ಅವಳು ಕಿಟಕಿಯಾಚೆಯ ಹೊಗೆ ನೋಡುತ್ತಿದ್ದಳು. ವೈಶಾಲಿಯಲ್ಲಿ ಇಳಿದು, ರಿಕ್ಷಾ ಹಿಡಿದು, ಮೂರು ಮಹಡಿ ಹತ್ತಿದೆವು. ಬಾಗಿಲ ಮೇಲೆ ದೊಡ್ಡ ನಕ್ಷತ್ರ, ಒಳಗೆ ಬಲ್ಬು! ಪಕ್ಕದ ಮನೆಯವರು ಜಾಗವಿಲ್ಲದೆ ಇಲ್ಲಿ ಕಟ್ಟಿರಬೇಕು ಎಂದುಕೊಂಡು ಬೆಲ್ ಒತ್ತಿದೆ.

ಬಾಗಿಲು ತೆರೆಯಿತು. ಒಳಗೆ ಸೂರು ಮುಟ್ಟುವ ಕ್ರಿಸ್‌ಮಸ್ ಗಿಡ. ಗೋಡೆಯುದ್ದಕ್ಕೂ ದಾರ ಕಟ್ಟಿ ಮಕ್ಕಳ ಕಾರ್ಡುಗಳನ್ನು ಸಾಲಾಗಿ ನೇತುಹಾಕಿದ್ದರು. ಗ್ರೇಸ್ ಮ್ಯಾಮ್ ಕಡುಗೆಂಪು ಸೀರೆ ಉಟ್ಟು "ಅರೇ ಅನಘಾ! ಆಜಾ, ಆಜಾ!" ಎಂದು ಕೈ ಚಾಚಿದರು.

ಬುದ್ಧಿಯಿದ್ದವನು ಅಲ್ಲೇ ಮುಖ ಬದಲಿಸಿಕೊಳ್ಳುತ್ತಿದ್ದ. ನಾನು ಮೆಟ್ರೋದಿಂದ ಸಿದ್ಧಮಾಡಿಕೊಂಡು ತಂದ ಮುಖವನ್ನೇ ಇಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂತು, "ಬಹುತ್ ದುಖ್ ಹುಆ," ಎಂದೆ.

ಅವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅರ್ಥವಾಗಿ, ಕಪಾಟಿನ ಮೇಲಿದ್ದ ತಾಯಿಯ ಫೋಟೋ ತೋರಿಸಿದರು. ಸುತ್ತ ಪುಟ್ಟ ಬಲ್ಬುಗಳಿದ್ದವು. ಮಮ್ಮಿಗೆ ಕ್ರಿಸ್‌ಮಸ್ ಎಂದರೆ ಜೀವ, ಈ ವರ್ಷ ಮನೆ ಕತ್ತಲಾಗಿಟ್ಟರೆ ಬೈಯುತ್ತಾರೆ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಕಣ್ಣು ಒದ್ದೆಯಾಗಿತ್ತು. ಪಾಪ, ದುಃಖ ಮುಚ್ಚಿಡುತ್ತಿದ್ದಾರೆ ಎಂದು ನಾನು ಮೊದಲಿಗಿಂತ ಜೋರಾಗಿ ತಲೆಯಾಡಿಸಿ, ಶಾಲು, ಹಾರಗಳನ್ನು ಎರಡೂ ಕೈಯಲ್ಲಿ ಒಪ್ಪಿಸಿದೆ.

"ಕಿತನಾ ಸುಂದರ್! ಖುಷ್ಬೂ ಭೀ ಹೈ!" ಎಂದು ಮ್ಯಾಮ್ ಹಾರವನ್ನು ಮೂಸಿ ನೋಡಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಫೋಟೋ ದಾಟಿ ಹೋಗಿ ಹಾರವನ್ನು ಕ್ರಿಸ್‌ಮಸ್ ಗಿಡಕ್ಕೆ ಎರಡು ಸುತ್ತು ಸುತ್ತಿದರು! ಕರ್ನಾಟಕದಲ್ಲಿ ಗಿಡಕ್ಕೆ ಇದನ್ನೇ ಹಾಕುತ್ತಾರಾ ಎಂದು ಸಂತೋಷದಿಂದ ಕೇಳಿದರು.

"ಜೀ," ಎಂದೆ. ಇಡೀ ರಾಜ್ಯದ ಪರವಾಗಿ ಸುಳ್ಳು ಹೇಳುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಆಗ ಅವರು ಅನಘಾಳ ಕಡೆ ಬಾಗಿ, "ಔರ್ ಮೇರಾ ಕಾರ್ಡ್?" ಎಂದರು. ದಾರದಲ್ಲಿ ಒಂದು ಕಾರ್ಡಿನಷ್ಟು ಜಾಗ ಖಾಲಿ ಬಿಟ್ಟಿದ್ದರು. ಮಗು ನನ್ನ ಮುಖ ನೋಡಿದಳು.

"ಭೂಲ್ ಗಈ," ಎಂದೆ. ಮರೆತಳಂತೆ!

ಕೇಕ್ ಬಂತು, ನಿಯಮದಂತೆ ಬೇಡವೆಂದೆ. ಎದ್ದೆ. ಏನೂ ಹೇಳದೆ ಮಗಳ ಕೈ ಹಿಡಿದು ಮೆಟ್ಟಿಲಿಳಿದೆ. ಹಿಂದಿನಿಂದ "ಬಾಯ್ ಅನಘಾ!" ಎಂಬ ದನಿ ಕೇಳಿತು. ಅವಳು ಇನ್ನೊಂದು ಕೈ ಎತ್ತಲು ನೋಡಿದಳು. ನಾನು ಎಳೆದೆ, ತಿರುಗಿ ನೋಡಲಿಲ್ಲ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವ ಮನೆಯಿಂದಲೂ ಹೊರಟಿರಲಿಲ್ಲ.

ರಾಜೀವ್ ಚೌಕ್‌ ನಿಲ್ದಾಣ ಬಂತು. ಅನಘಾ ಕೆಳಗೆ ನೋಡುತ್ತಾ ಹೇಳಿದಳು. "ನಾನು ಭೂಲೀ ನಹೀಂ ಥೀ."

"ಗೊತ್ತು ಪುಟ್ಟಾ."

"ಮ್ಯಾಮ್‌ಗೆ ನಾನೇ ಹೇಳಿದ್ದೆ, ಅಜ್ಜಿ ಹೋದ್ರು, ನಮ್ಮನೇಲಿ ಎಲ್ಲಾ ತ್ಯೋಹಾರ್ ಬಂದ್ ಅಂತ. ಅವ್ರು ಹೇಳಿದ್ರು, ನನ್ನ ಮಮ್ಮಿನೂ ಹೋದ್ರು, ಪರ್ ಹಮಾರೇ ಘರ್ ಮೇಂ ಕ್ರಿಸ್‌ಮಸ್ ಹೋಗಾ, ನೀನು ಬಾ ಅಂತ." ಸ್ವೆಟರಿನ ತೋಳು ಎಳೆದುಕೊಳ್ಳುತ್ತಾ ಮತ್ತೆ ಹೇಳಿದಳು. "ಅಜ್ಜಿನೂ ಬಾಯ್ ಹೇಳ್ದೆ ಹೋದ್ರು. ಆವತ್ತು ಬಂದೋರೂ ಯಾರೂ ಹೇಳ್ಲಿಲ್ಲ. ನೀನೂ ಹೇಳ್ಲಿಲ್ಲ."

ಅಮ್ಮ ಹೋದ ದಿನ ಈ ಮಗು ಬಾಗಿಲಲ್ಲಿ ನಿಂತು ಹೊರಟವರಿಗೆಲ್ಲ ಕೈ ಬೀಸಿದ್ದು ನೆನಪಾಯಿತು. ಒಬ್ಬರೂ ತಿರುಗಿ ನೋಡಿರಲಿಲ್ಲ. ಹಾಗೆ ಹೋಗಿ ಎಂದು ಅವರಿಗೆಲ್ಲ ಹೇಳಿಕೊಟ್ಟವನು ನಾನೇ. ಕನ್ನಡಕ ತೆಗೆದು ಒರೆಸಿದೆ. ಈ ಸಲ ನಿಯಮಕ್ಕಾಗಿ ಅಲ್ಲ.

ಮನೆ ಸೇರುವಷ್ಟರಲ್ಲಿ ಸುಮಾಳ ಫೋನಿಗೆ ಮ್ಯಾಮ್ ಸಂದೇಶ ಬಂದಿತ್ತು. ಸರ್ ಒಂದು ಮಾತೂ ಹೇಳದೆ ಹೋದರು, ನನ್ನಿಂದ ಏನಾದರೂ ತಪ್ಪಾಯಿತೇ ಎಂದು. ಜೊತೆಗೆ ಹಾರ ಹಾಕಿಕೊಂಡ ಗಿಡದ ಫೋಟೋ. ಸುಮಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಸ್ಟೂಲು ಹತ್ತಿ, ಅಲ್ಮೇರಾದ ಮೇಲಿನ ಕಾರ್ಡು ಇಳಿಸಿ ನನ್ನ ಕೈಗಿಟ್ಟಳು.

"ಇದನ್ನಾದರೂ ಓದಿದ್ರಾ, ಅಥವಾ ಓದದೆ ತಡೆಹಿಡಿದ್ರಾ?"

ಒಳಗೆ ಒಂದು ಗಿಡ. ಗಿಡದ ಕೆಳಗೆ ಇಬ್ಬರು ಅಜ್ಜಿಯರು ಕೇಕ್ ತಿನ್ನುತ್ತಿದ್ದರು. ಒಬ್ಬರ ತಲೆಯ ಮೇಲೆ ಮಂಕಿ ಟೋಪಿ. ಚಳಿಗಾಲವಿಡೀ ನನ್ನ ಅಮ್ಮ ತೆಗೆಯದೆ ಇರುತ್ತಿದ್ದ ಅದೇ ಕಂದು ಟೋಪಿ. ನಾನು ಅಡುಗೆಮನೆಗೆ ಹೋಗಿ ಬಹಳ ಹೊತ್ತು ನೀರು ಕುಡಿದೆ.

ಕ್ರಿಸ್‌ಮಸ್ ದಿನ ರಜೆ. ಕೆಂಪು ಶಾಲು, ಫ್ರಿಜ್ಜಿನ ಕೇಕು, ಕಾರ್ಡು, ಕೆಂಪು ಸ್ವೆಟರ್ ಹಾಕಿದ ಅನಘಾ, ಎಲ್ಲವನ್ನೂ ತೆಗೆದುಕೊಂಡು ಮತ್ತೆ ಅಷ್ಟು ದೂರ ಹೋದೆ. ಮೂರು ಮಹಡಿ ಹತ್ತಿದರೆ ಬಾಗಿಲಿಗೆ ಬೀಗ! ಈ ಸಲವೂ ಫೋನ್ ಮಾಡಿ ಕೇಳಿರಲಿಲ್ಲ.

ಅನಘಾ ಕಾರ್ಡನ್ನು ಬಾಗಿಲ ಕೆಳಗಿಂದ ಒಳಗೆ ತಳ್ಳಿದಳು. ಹತ್ತಿಯ ಚೂರೊಂದು ಹೊರಗೇ ಉಳಿಯಿತು, ಅದನ್ನೂ ಬೆರಳಿಂದ ತಳ್ಳಿದಳು. ನಾನು ಚೀಲವನ್ನು ಚಿಲಕಕ್ಕೆ ನೇತುಹಾಕಿದೆ. ಹೊರಡಬೇಕು. ಕಾಲು ಅಭ್ಯಾಸಬಲದಿಂದ ಮೆಟ್ಟಿಲ ಕಡೆ ತಿರುಗಿತ್ತು. ನಿಲ್ಲಿಸಿದೆ. ಬಾಗಿಲಿಗೆ ಎದುರಾಗಿ ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದೆ.

"ಬರ್ತೀವಿ ಮೇಡಂ."

ಬೀಗ ಸುಮ್ಮನಿತ್ತು. ಸಾಲದೇನೋ ಎನಿಸಿ ಇನ್ನೊಮ್ಮೆ ಹೇಳಿದೆ. ಪಕ್ಕದ ಬಾಗಿಲು ತೆರೆದು ಹೆಂಗಸೊಬ್ಬರು ಇಣುಕಿದರು. "ಭಾಯ್‌ಸಾಬ್, ವೋ ಲೋಗ್ ತೋ ಚರ್ಚ್ ಗಯೇ ಹೈಂ. ಕಿಸ್‌ಸೇ ಬಾತ್ ಕರ್ ರಹೇ ಹೋ?"

ಚರ್ಚಿಗೆ ಹೋದವರ ಬೀಗದ ಜೊತೆ ಮಾತಾಡುವವನನ್ನು ಆಕೆ ಅಡಿಯಿಂದ ಮುಡಿಯವರೆಗೆ ನೋಡಿದರು. ಅನಘಾ ನನ್ನ ಕೈ ಹಿಡಿದುಕೊಂಡು ಆಕೆಗೆ ಸಮಾಧಾನ ಹೇಳಿದಳು.

"ಕುಛ್ ನಹೀಂ ಆಂಟಿ. ಅಪ್ಪ ಪ್ರಾಕ್ಟೀಸ್ ಕರ್ ರಹೇ ಹೈಂ."